ಆಫೀಸ್ ಕಾಲ್‌ನಲ್ಲಿ ಬರುವ ಇಂಗ್ಲಿಷ್ ಇಡಿಯಂಗಳು: ಅರ್ಥ ಹಿಡಿಯೋದು ಹೇಗೆ?

ಬೆಳ್ಳಂದೂರು ಟೆಸ್ಟರ್

ಎಲ್ಲರಿಗೂ ನಮಸ್ಕಾರ. ನಾನು ಹಾಸನದ ಕಡೆಯವನು. ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮ. ಈಗ ಬೆಳ್ಳಂದೂರಿನಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸ. ಇಂಗ್ಲಿಷ್ ಓದೋಕೆ, ಬರೆಯೋಕೆ ಕಷ್ಟವಿಲ್ಲ. ಆದರೆ ಸಂಜೆ ಅಮೆರಿಕದ ಕ್ಲೈಂಟ್ ಜೊತೆ ಕಾಲ್ ಶುರುವಾದರೆ ಬೇರೆಯೇ ಭಾಷೆ ಕೇಳಿದ ಹಾಗಿರುತ್ತೆ. ಒಂದೊಂದು ಪದವೂ ಗೊತ್ತು. ಒಟ್ಟಿಗೆ ಸೇರಿದಾಗ ಅರ್ಥ ಕೈಗೆ ಸಿಗಲ್ಲ.

ಈ ವಾರ ಬಂದ ಒಂದು ಮೇಲ್ ನೋಡಿ:

‘ವಿ ಆರ್ ಬಿಹೈಂಡ್ ದ ಎಯ್ಟ್ ಬಾಲ್ ಆನ್ ದಿಸ್ ರಿಲೀಸ್. ಲೆಟ್ಸ್ ನಾಟ್ ಬಾಯಿಲ್ ದಿ ಓಷನ್. ಗಿವ್ ಮಿ ಎ ಬಾಲ್‌ಪಾರ್ಕ್ ಬೈ ಫ್ರೈಡೇ, ಅಂಡ್ ಲೆಟ್ಸ್ ಟೇಕ್ ದ ಲಾಗಿನ್ ಇಶ್ಯೂ ಆಫ್‌ಲೈನ್.’

ನಾಲ್ಕು ವಾಕ್ಯ ಇಲ್ಲ, ನಾಲ್ಕು ಇಡಿಯಂ (ನುಡಿಗಟ್ಟು) ಇದೆ. ನೆಟ್‌ನಲ್ಲಿ ಹುಡುಕಿದರೆ ‘500 ಇಡಿಯಂಗಳು’ ಅಂತ ಉದ್ದುದ್ದ ಪಟ್ಟಿ ಸಿಗುತ್ತೆ. ಬಾಯಿಪಾಠ ಮಾಡಿದರೂ ಕಾಲ್‌ನಲ್ಲಿ ನೆನಪಿಗೆ ಬರಲ್ಲ. ನಿಮ್ಮಲ್ಲಿ ಯಾರು ಹೇಗೆ ಕಲಿತಿರಿ? ದಯವಿಟ್ಟು ಬಿಡಿಸಿ ಹೇಳಿ.

ಕೋರಮಂಗಲ ಟ್ರೈನರ್

ಕಾಲ್ ಸೆಂಟರ್ ಹುಡುಗ ಹುಡುಗಿಯರಿಗೆ ಇಂಗ್ಲಿಷ್ ಹೇಳಿಕೊಡೋದು ನನ್ನ ಕೆಲಸ. ಮೊದಲು ನಿಮ್ಮ ಮೇಲ್ ನೋಡೋಣ.

‘ಬಿಹೈಂಡ್ ದ ಎಯ್ಟ್ ಬಾಲ್’ ಪೂಲ್ ಅನ್ನೋ ಬಿಲಿಯರ್ಡ್ಸ್ ಥರದ ಆಟದ ಮಾತು. ಅದರಲ್ಲಿ ಎಂಟನೇ ನಂಬರಿನ ಚೆಂಡು ಕಪ್ಪು. ನೀವು ಹೊಡೆಯಬೇಕಾದ ಬಿಳಿ ಚೆಂಡು ಅದರ ಹಿಂದೆ ಸಿಕ್ಕಿಕೊಂಡರೆ ದಾರಿ ಬಂದ್. ಅಂದರೆ ‘ಈ ರಿಲೀಸ್ ವಿಷಯದಲ್ಲಿ ನಾವು ಇಕ್ಕಟ್ಟಿನಲ್ಲಿದ್ದೀವಿ’. ‘ಬಾಯಿಲ್ ದಿ ಓಷನ್’ ಅಂದರೆ ಆಗದ ಹೋಗದ ದೊಡ್ಡ ಕೆಲಸಕ್ಕೆ ಕೈ ಹಾಕೋದು. ‘ಎಲ್ಲವನ್ನೂ ಟೆಸ್ಟ್ ಮಾಡೋಕೆ ಹೋಗಬೇಡಿ, ಮುಖ್ಯವಾದ್ದು ನೋಡಿ’ ಅಂತಿದ್ದಾರೆ. ‘ಬಾಲ್‌ಪಾರ್ಕ್’ ಅಂದರೆ ಬೇಸ್‌ಬಾಲ್ ಮೈದಾನ. ಮೇಲ್‌ನಲ್ಲಿ ಬಂದರೆ ಅಂದಾಜು ಲೆಕ್ಕ. ಪೈಸೆ ಪೈಸೆಗೆ ಸರಿಯಾಗಿರಬೇಕಿಲ್ಲ.

ಕೊನೆಯದು ಜಾಸ್ತಿ ಮುಖ್ಯ. ‘ಟೇಕ್ ಇಟ್ ಆಫ್‌ಲೈನ್’ ಅಂದರೆ ನೆಟ್ ಬಂದ್ ಮಾಡೋದಲ್ಲ. ‘ಎಲ್ಲರ ಮುಂದೆ ಬೇಡ, ನಾವಿಬ್ಬರೇ ಆಮೇಲೆ ಮಾತಾಡೋಣ’ ಅಂತ. ಕೆಲವು ಸಲ ಇದು ಬರೀ ಸಮಯ ಉಳಿಸೋ ಮಾತು. ಕೆಲವು ಸಲ ‘ಈ ವಿಷಯ ಇಲ್ಲಿಗೇ ನಿಲ್ಲಿಸಿ’ ಅನ್ನೋ ಸೂಚನೆ. ಯಾವುದು ಅಂತ ನಿಘಂಟು ಹೇಳಲ್ಲ. ಹೇಳಿದವರ ದನಿ ಹೇಳುತ್ತೆ.

ಅದಕ್ಕೇ ಪಟ್ಟಿ ಬಾಯಿಪಾಠ ಮಾಡಬೇಡಿ ಅಂತ ನಾನು ಹೇಳೋದು. ಇಡಿಯಂ ಕಲಿಯೋದು ಅಂದರೆ ಅದನ್ನ ಯಾರು, ಯಾರಿಗೆ, ಯಾವ ಹೊತ್ತಲ್ಲಿ ಹೇಳ್ತಾರೆ ಅಂತ ಕಲಿಯೋದು.

ರಾಜಾಜಿನಗರದ ಮೇಷ್ಟ್ರು

ಮೇಡಂ ಹೇಳಿದ್ದು ನೂರಕ್ಕೆ ನೂರು ಸರಿ. ನಾನು ಪಿಯು ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಮಾಡಿ ನಿವೃತ್ತನಾದವನು. ಇದಕ್ಕೆ ಸ್ವಲ್ಪ ಸೇರಿಸ್ತೀನಿ.

ನಮ್ಮ ಭಾಷೆಯನ್ನೇ ನೋಡಿ. ಯಾರೋ ಸತ್ತರು ಅನ್ನೋದಕ್ಕೆ ನಮ್ಮಲ್ಲಿ ಎಷ್ಟು ಮಾತಿದೆ! ತೀರಿಕೊಂಡರು, ಹೋಗಿಬಿಟ್ಟರು, ದೈವಾಧೀನರಾದರು, ಶಿವನ ಪಾದ ಸೇರಿದರು, ಗೊಟಕ್ ಅಂದ. ಅರ್ಥ ಒಂದೇ. ಆದರೆ ಪಕ್ಕದ ಮನೆ ಅಜ್ಜ ಹೋದಾಗ ಅವರ ಮಗನ ಮುಂದೆ ‘ಗೊಟಕ್ ಅಂದರಂತೆ’ ಅಂತ ಯಾರಾದರೂ ಹೇಳ್ತಾರಾ? ಇಂಗ್ಲಿಷಿನ ‘ಕಿಕ್ ದ ಬಕೆಟ್’ ಅಂಥದ್ದೇ. ಪಟ್ಟಿಯಲ್ಲಿ ಅದರ ಎದುರು ‘ಸಾಯು’ ಅಂತ ಬರೆದಿರ್ತಾರೆ, ಅಷ್ಟೇ. ಅದು ಹಗುರವಾದ ಮಾತು, ದುಃಖದ ಮನೆಗೆ ಸಲ್ಲದ ಮಾತು ಅಂತ ಬರೆದಿರಲ್ಲ. ಅಲ್ಲಿ ‘ಪಾಸ್ಡ್ ಅವೇ’ ಅನ್ನಬೇಕು.

ಇನ್ನೊಂದು ವಿಷಯ. ಇಡಿಯಂ ಒಳಗಿನ ಪದಗಳನ್ನ ಮನಸ್ಸಿಗೆ ಬಂದ ಹಾಗೆ ಅಲ್ಲಾಡಿಸೋಕೆ ಆಗಲ್ಲ. ‘ಅವನು ನನಗೆ ಕೈ ಕೊಟ್ಟ’ ಅಂದರೆ ಮೋಸ ಮಾಡಿದ. ‘ಅವನು ನನಗೆ ಎರಡೂ ಕೈಗಳನ್ನು ಕೊಟ್ಟ’ ಅಂದರೆ ಆ ಅರ್ಥ ಹೋಯಿತು. ಹಾಗೆಯೇ ‘ದ ಬಕೆಟ್ ವಾಸ್ ಕಿಕ್ಡ್’ ಅಂದರೆ ಯಾರೋ ನಿಜವಾಗಲೂ ಬಕೆಟ್ ಒದ್ದರು ಅಂತಾಗುತ್ತೆ. ಎಲ್ಲವೂ ಇಷ್ಟು ಬಿಗಿಯಾಗಿಲ್ಲ. ಗುಟ್ಟು ಬಿಟ್ಟುಕೊಡೋದಕ್ಕೆ ‘ಸ್ಪಿಲ್ ದ ಬೀನ್ಸ್’ ಅಂತಾರಲ್ಲ, ಅದನ್ನ ‘ದ ಬೀನ್ಸ್ ವರ್ ಸ್ಪಿಲ್ಡ್’ ಅಂತ ತಿರುಗಿಸಿದರೂ ಗುಟ್ಟಿನ ಅರ್ಥ ಉಳಿಯುತ್ತೆ. ಯಾವುದು ಸಡಿಲ, ಯಾವುದು ಬಿಗಿ ಅನ್ನೋದು ಪೂರ್ತಿ ವಾಕ್ಯಗಳನ್ನ ಓದಿಯೇ ಗೊತ್ತಾಗಬೇಕು.

ನನ್ನ ಮಕ್ಕಳಿಗೆ ಒಂದು ನೋಟ್‌ಬುಕ್ ಇಡಿಸ್ತಿದ್ದೆ. ಇಡಿಯಂ ಬರೆದು ಎದುರಿಗೆ ಅರ್ಥ ಬರೆಯೋದಲ್ಲ. ಕೇಳಿದ ಪೂರ್ತಿ ವಾಕ್ಯ, ಯಾರು ಹೇಳಿದರು, ಹೇಳಿದ ಮೇಲೆ ಎದುರಿನವರು ಏನು ಮಾಡಿದರು. ಕೊನೆಯದನ್ನ ಬಿಡಲೇಬೇಡಿ. ಎದುರಿನವರು ನಕ್ಕರಾ, ಸುಮ್ಮನಾದರಾ, ಎದ್ದು ಹೋದರಾ ಅನ್ನೋದರಲ್ಲೇ ಅರ್ಧ ಅರ್ಥ ಇರುತ್ತೆ.

ವಿಜಯನಗರ ಓದುಗ

ಸರ್, ನಾನು ಕೇಂದ್ರ ಸರ್ಕಾರದ ಕೆಲಸಕ್ಕೆ ನಡೆಯೋ ಎಸ್‌ಎಸ್‌ಸಿ ಪರೀಕ್ಷೆಗೆ ಓದ್ತಿದ್ದೀನಿ. ನಮಗೆ ಪಟ್ಟಿ ಬಿಟ್ಟರೆ ಗತಿ ಇಲ್ಲ. ಇಡಿಯಂ ಕೊಟ್ಟು ನಾಲ್ಕು ಆಯ್ಕೆ ಕೊಡ್ತಾರೆ. ನೆನಪಿಡೋಕೆ ಸುಲಭ ಆಗಲಿ ಅಂತ ನೋಟ್ಸ್‌ನಲ್ಲಿ ಹುಟ್ಟಿನ ಕಥೆ ಹಾಕಿರ್ತಾರೆ. ‘ರೇನಿಂಗ್ ಕ್ಯಾಟ್ಸ್ ಅಂಡ್ ಡಾಗ್ಸ್’ಗೆ ಒಂದು ಕಥೆ ಇದೆ. ಹಿಂದೆ ಇಂಗ್ಲೆಂಡಿನಲ್ಲಿ ಹುಲ್ಲಿನ ಚಾವಣಿ ಮೇಲೆ ಬೆಕ್ಕು ನಾಯಿ ಮಲಗ್ತಿದ್ದವಂತೆ, ಜೋರು ಮಳೆ ಬಂದರೆ ಜಾರಿ ಬೀಳ್ತಿದ್ದವಂತೆ. ಇದು ನಿಜವಾ?

ರಾಜಾಜಿನಗರದ ಮೇಷ್ಟ್ರು

ನಿಜ ಅಲ್ಲಪ್ಪ. ಆ ಕಥೆ ಹರಡಿದ್ದು 1999ರಲ್ಲಿ ಓಡಾಡಿದ ಒಂದು ಇಮೇಲ್‌ನಿಂದ. ‘1500ರ ದಶಕದ ಬದುಕು’ ಅಂತ ಶುರುವಾಗೋ ಆ ಇಮೇಲ್‌ನಲ್ಲಿ ಇಂಥ ಕಟ್ಟುಕಥೆಗಳು ಸಾಲಾಗಿದ್ದವು. ಈಗ ವಾಟ್ಸ್ಯಾಪ್‌ನಲ್ಲಿ ಸುತ್ತುತ್ತಿವೆ. ಯೋಚಿಸಿ ನೋಡು. ಮಳೆ ಬರುವಾಗ ಯಾವ ನಾಯಿ ಚಾವಣಿ ಮೇಲೆ ಹತ್ತಿ ಮಲಗುತ್ತೆ? ಇಂಗ್ಲಿಷ್ ಲೇಖಕ ಜೊನಾಥನ್ ಸ್ವಿಫ್ಟ್ 1738ರಲ್ಲೇ ಈ ಮಾತು ಬಳಸಿದ್ದಾನೆ. ಅದರ ಹುಟ್ಟು ಮಾತ್ರ ವಿದ್ವಾಂಸರಿಗೂ ಇತ್ಯರ್ಥ ಆಗಿಲ್ಲ.

ಪರೀಕ್ಷೆಗೆ ಕಥೆ ನೆನಪಿಟ್ಟುಕೊಂಡರೆ ತಪ್ಪೇನಿಲ್ಲ. ಅದನ್ನ ಇತಿಹಾಸ ಅಂತ ನಂಬಬೇಡ, ಅಷ್ಟೇ. ಜೊತೆಗೆ ಇದೂ ಗೊತ್ತಿರಲಿ: ಇವತ್ತಿನ ಇಂಗ್ಲೆಂಡಿನಲ್ಲಿ ಈ ಮಾತು ಸ್ವಲ್ಪ ಹಳತು ಅನಿಸುತ್ತೆ. ಜನ ‘ಇಟ್ಸ್ ಪೋರಿಂಗ್’ ಅಂತಾರೆ.

ನಿಜವಾದ ಕಥೆ ಬೇಕು ಅಂದರೆ ‘ಒನ್ಸ್ ಇನ್ ಎ ಬ್ಲೂ ಮೂನ್’ ತಗೋ. ಅಪರೂಪಕ್ಕೆ ಅಂತ ಅರ್ಥ. ನಮ್ಮಲ್ಲಿ ‘ಅಮಾವಾಸ್ಯೆಗೊಂದು ಸಲ, ಹುಣ್ಣಿಮೆಗೊಂದು ಸಲ’ ಅಂತೀವಲ್ಲ, ಹಾಗೆ. ನುಡಿಗಟ್ಟು ಹಳೆಯದು. ಒಂದೇ ತಿಂಗಳಲ್ಲಿ ಬರುವ ಎರಡನೇ ಹುಣ್ಣಿಮೆಗೆ ಬ್ಲೂ ಮೂನ್ ಅನ್ನೋದು ಹೊಸತು. 1946ರಲ್ಲಿ ‘ಸ್ಕೈ ಅಂಡ್ ಟೆಲಿಸ್ಕೋಪ್’ ಅನ್ನೋ ಅಮೆರಿಕದ ಪತ್ರಿಕೆಯ ಲೇಖನವೊಂದು ಹಳೆಯ ಪಂಚಾಂಗದ ಲೆಕ್ಕವನ್ನ ತಪ್ಪಾಗಿ ಓದಿತು, ಆ ಅರ್ಥವೇ ಊರೆಲ್ಲ ಹರಡಿತು. ಹುಣ್ಣಿಮೆಯಿಂದ ಹುಣ್ಣಿಮೆಗೆ ಸುಮಾರು 29 ದಿನ ಹನ್ನೆರಡು ಗಂಟೆ. ಹಾಗಾಗಿ ಎರಡು ಮೂರು ವರ್ಷಕ್ಕೊಮ್ಮೆ ಒಂದು ತಿಂಗಳಲ್ಲಿ ಎರಡು ಹುಣ್ಣಿಮೆ ಬೀಳುತ್ತೆ. 2023ರ ಆಗಸ್ಟ್‌ನಲ್ಲಿ ಹೀಗಾಯಿತು. ಅದೇ ತಿಂಗಳು 23ಕ್ಕೆ ನಮ್ಮ ಇಸ್ರೋದವರು ಚಂದ್ರಯಾನ-3 ಇಳಿಸಿದ್ದು. ಈಗ ಈ ಇಡಿಯಂ ನಿನಗೆ ಮರೆಯಲ್ಲ, ಅಲ್ವಾ?

ಶಿವಾಜಿನಗರ ಆಫ್‌ಸ್ಪಿನ್ನರ್

ಕ್ರಿಕೆಟ್ ಬಗ್ಗೆ ಯಾರೂ ಹೇಳಲಿಲ್ಲ, ನಾನೇ ಹೇಳ್ತೀನಿ. ನಮಗೆ ಇಂಗ್ಲಿಷ್ ಇಡಿಯಂ ಸುಲಭವಾಗಿ ಹತ್ತಿರ ಆಗೋದು ಈ ದಾರಿಯಲ್ಲಿ. ‘ಆನ್ ದ ಬ್ಯಾಕ್ ಫುಟ್’ ಅಂದರೆ ರಕ್ಷಣೆಗೆ ಇಳಿದಿರೋದು. ‘ಬೌಲ್ಡ್ ಓವರ್’ ಅಂದರೆ ಮನಸೋತು ಹೋಗೋದು. ‘ಸ್ಟಿಕಿ ವಿಕೆಟ್’ ಅಂದರೆ ಪೇಚಿನ ಪರಿಸ್ಥಿತಿ. ಮೊದಲು ಪಿಚ್ ಮುಚ್ಚುತ್ತಿರಲಿಲ್ಲ. ಮಳೆ ಬಿದ್ದು, ಆಮೇಲೆ ಬಿಸಿಲು ಬಂದು, ಪಿಚ್ ಅರೆಬರೆ ಒಣಗಿ ಅಂಟಂಟಾಗ್ತಿತ್ತು. ಚೆಂಡು ಒಂದು ಸಲ ಎದೆಗೆ ಎಗರೋದು, ಇನ್ನೊಂದು ಸಲ ನಿಂತು ಬರೋದು. ಬ್ಯಾಟು ಹಿಡಿದವನ ಪಾಡು ಬೇಡ. ಈಗ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ನಾಲ್ಕು ಹನಿ ಬಿದ್ದರೂ ಕವರ್ ಎಳೀತಾರೆ. ಪಿಚ್ ಹೋಯಿತು, ಮಾತು ಉಳೀತು.

‘ಹ್ಯಾಟ್ ಟ್ರಿಕ್’ ಕೂಡ ನಮ್ಮ ಆಟದ್ದೇ. 1858ರಲ್ಲಿ ಶೆಫೀಲ್ಡ್‌ನಲ್ಲಿ ಎಚ್.ಎಚ್. ಸ್ಟೀಫನ್‌ಸನ್ ಸತತ ಮೂರು ಎಸೆತಕ್ಕೆ ಮೂರು ವಿಕೆಟ್ ತೆಗೆದಾಗ ಜನ ಚಂದಾ ಎತ್ತಿ ಅವನಿಗೆ ಟೋಪಿ ಕೊಡಿಸಿದರು. ಈಗ ಚುನಾವಣೆಯಲ್ಲಿ ಮೂರು ಸಲ ಗೆದ್ದವರಿಗೂ ನಮ್ಮ ಪೇಪರ್‌ನವರು ‘ಹ್ಯಾಟ್ರಿಕ್ ಜಯ’ ಅಂತ ಬರೀತಾರೆ.

ಆದರೆ ಬೆಳ್ಳಂದೂರು ಗೆಳೆಯರೇ, ಒಂದು ಎಚ್ಚರ. ನಿಮ್ಮ ಕ್ಲೈಂಟ್ ಅಮೆರಿಕದವರು. ಅವರಿಗೆ ಸ್ಟಿಕಿ ವಿಕೆಟ್, ಗೂಗ್ಲಿ ಅಂದರೆ ಅರ್ಥ ಆಗೋದು ಅನುಮಾನ. ನಾವು ‘ಗೂಗ್ಲಿ ಹಾಕಿದ’ ಅನ್ನೋ ಕಡೆ ಅವರು ‘ಥ್ರೂ ಎ ಕರ್ವ್‌ಬಾಲ್’ ಅಂತಾರೆ, ಬೇಸ್‌ಬಾಲ್ ಮಾತು. ‘ಟಚ್ ಬೇಸ್’ (ಸ್ವಲ್ಪ ಮಾತಾಡಿಕೊಳ್ಳೋದು), ‘ಸ್ಟೆಪ್ ಅಪ್ ಟು ದ ಪ್ಲೇಟ್’ (ಜವಾಬ್ದಾರಿ ಹೊರೋಕೆ ಮುಂದೆ ಬರೋದು), ‘ಕವರ್ ಆಲ್ ದ ಬೇಸಸ್’ (ಯಾವುದನ್ನೂ ಬಿಡದೆ ನೋಡಿಕೊಳ್ಳೋದು) ಕೂಡ ಅಲ್ಲಿಂದಲೇ. ಯೂಟ್ಯೂಬ್‌ನಲ್ಲಿ ಒಂದು ಬೇಸ್‌ಬಾಲ್ ಪಂದ್ಯ ಪೂರ್ತಿ ನೋಡಿ. ಪಟ್ಟಿಗಿಂತ ಜಾಸ್ತಿ ಉಪಯೋಗ ಆಗುತ್ತೆ.

ಏರ್‌ಪೋರ್ಟ್ ರೋಡ್ ಡ್ರೈವರ್

ನಮಸ್ಕಾರ. ನಾನು ಕ್ಯಾಬ್ ಓಡಿಸೋನು, ಹೆಚ್ಚಾಗಿ ಏರ್‌ಪೋರ್ಟ್ ಟ್ರಿಪ್. ನನ್ನ ಇಂಗ್ಲಿಷ್ ಎಲ್ಲ ಹಿಂದಿನ ಸೀಟಿನಿಂದ ಬಂದಿದ್ದು. ‘ಸ್ಟೆಪ್ ಆನ್ ಇಟ್’ ಅಂದರೆ ಜೋರಾಗಿ ಓಡಿಸು ಅಂತ, ಅದು ಗೊತ್ತು. ಒಂದು ಮಾತು ಮಾತ್ರ ಬಿಡಿಸೋಕೆ ಆಗಿಲ್ಲ. ಹೆಬ್ಬಾಳ ಫ್ಲೈಓವರ್ ಹತ್ತಿರ ಗಾಡಿ ನಿಂತಲ್ಲೇ ನಿಂತಿತ್ತು. ಹಿಂದೆ ಕೂತಿದ್ದವರು ವಾಚ್ ನೋಡಿಕೊಂಡು, ಫೋನ್‌ನಲ್ಲಿ ‘ವಿ ಆರ್ ಕಟಿಂಗ್ ಇಟ್ ಫೈನ್’ ಅಂದರು. ಫೈನ್ ಅಂದರೆ ಚೆನ್ನಾಗಿದೆ ಅಂತ ತಾನೇ? ಆದರೆ ಅವರ ಮುಖ ಚೆನ್ನಾಗಿರಲಿಲ್ಲ. ಕಾಲು ಕುಣಿಸ್ತಾ ಇದ್ದರು. ಬ್ಯಾಗಿನ ಜಿಪ್ ತೆಗೆಯೋದು, ಹಾಕೋದು. ಅದಕ್ಕೇ ಕೇಳ್ತಿದ್ದೀನಿ.

ಕೋರಮಂಗಲ ಟ್ರೈನರ್

ಅಣ್ಣ, ನೀವು ಮುಖ ನೋಡಿದ್ದೇ ಸರಿ. ಇಲ್ಲಿ ‘ಫೈನ್’ ಅಂದರೆ ತೆಳುವಾದ, ಸಣ್ಣ ಅಂತ. ‘ಕಟಿಂಗ್ ಇಟ್ ಫೈನ್’ ಅಂದರೆ ಸಮಯ ಕೂದಲೆಳೆಯಷ್ಟೇ ಉಳಿದಿದೆ, ತಪ್ಪಿದರೆ ವಿಮಾನ ಹೋಯಿತು ಅಂತ. ಅಮೆರಿಕದವರು ಇದನ್ನೇ ‘ಕಟಿಂಗ್ ಇಟ್ ಕ್ಲೋಸ್’ ಅಂತಾರೆ.

ಮೇಷ್ಟ್ರು ನೋಟ್‌ಬುಕ್ ಬಗ್ಗೆ ಹೇಳಿದರಲ್ಲ, ಇವರು ಬರೆದಿರೋದು ನೋಡಿ. ವಾಕ್ಯ ಇದೆ, ಜಾಗ ಇದೆ, ವಾಚ್ ಇದೆ, ಕಾಲು ಇದೆ, ಜಿಪ್ ಇದೆ. ಪದದ ಅರ್ಥ ಒಂದು ಕಡೆ ಎಳೆದರೂ, ಕಣ್ಣಿಗೆ ಕಂಡಿದ್ದು ಸರಿಯಾದ ಕಡೆ ತೋರಿಸಿದೆ. ನಾಳೆ ನನ್ನ ಕ್ಲಾಸಿನಲ್ಲಿ ಇದನ್ನ ಹೇಳ್ತೀನಿ, ನಿಮ್ಮ ಒಪ್ಪಿಗೆ ಇದ್ದರೆ.

ಏರ್‌ಪೋರ್ಟ್ ರೋಡ್ ಡ್ರೈವರ್

ಧಾರಾಳವಾಗಿ ಹೇಳಿ ಮೇಡಂ. ಅವರಿಗೆ ವಿಮಾನ ಸಿಕ್ಕಿತು.

ನಾಗವಾರ ಡೆವಲಪರ್

ನನ್ನದು ಬೇರೆ ಮಾತು. ಎಲ್ಲರೂ ಕಲಿಯೋದು ಹೇಗೆ ಅಂತ ಹೇಳ್ತಿದ್ದೀರಿ. ಕಲಿಯೋ ಭಾರ ಬರೀ ನಮ್ಮ ಮೇಲೆ ಯಾಕೆ? ಒಂದು ಕಾಲ್‌ನಲ್ಲಿ ಬೆಂಗಳೂರಿನವರು, ಪೋಲೆಂಡಿನವರು, ಬ್ರೆಜಿಲ್‌ನವರು ಇರ್ತೀವಿ. ಮುಕ್ಕಾಲು ಜನಕ್ಕೆ ಇಂಗ್ಲಿಷ್ ತಾಯ್ನುಡಿ ಅಲ್ಲ. ಅಲ್ಲಿ ಬೇಸ್‌ಬಾಲ್ ಮಾತಾಡೋದು ಸರಿಯಾ? ಬ್ರಿಟನ್ ಸರ್ಕಾರದವರೇ ತಮ್ಮ ಜಾಲತಾಣಕ್ಕೆ ಬರೆಯೋರಿಗೆ ರೂಪಕಗಳನ್ನ ಬಿಡಿ, ಸರಳ ಪದ ಬಳಸಿ ಅಂತ ನಿಯಮ ಮಾಡಿಕೊಂಡಿದ್ದಾರೆ. ನಮ್ಮ ಟೀಮಿನಲ್ಲಿ ನಾನು ಇದನ್ನ ನೇರವಾಗಿ ಹೇಳಿದೆ. ಕ್ಲೈಂಟ್ ಕಡೆಯವರು ಬೇಜಾರು ಮಾಡಿಕೊಳ್ಳಲಿಲ್ಲ. ಈಗ ಮೇಲ್‌ನಲ್ಲಾದರೂ ನೇರವಾಗಿ ಬರೀತಾರೆ.

ಕೋರಮಂಗಲ ಟ್ರೈನರ್

ಇದನ್ನ ನಾನು ಪೂರ್ತಿ ಒಪ್ತೀನಿ. ಅರ್ಥ ಆಗದಿದ್ದರೆ ಕೇಳೋದು ನಮ್ಮ ಹಕ್ಕು. ‘ವಾಟ್ ಡು ಯು ಮೀನ್’ ಅಂದರೆ ಸ್ವಲ್ಪ ಒರಟು ಕೇಳಿಸಬಹುದು. ‘ಜಸ್ಟ್ ಟು ಕನ್‌ಫರ್ಮ್’ ಅಂತ ಶುರು ಮಾಡಿ, ನಿಮಗೆ ಅರ್ಥ ಆಗಿದ್ದನ್ನ ನಿಮ್ಮ ಮಾತಲ್ಲಿ ಹೇಳಿ. ತಪ್ಪಿದ್ದರೆ ಅವರೇ ತಿದ್ದುತ್ತಾರೆ.

ಕೇಳಲೇಬೇಕಾದ ಒಂದು ಮಾತಿದೆ: ‘ಟೇಬಲ್’. ವಿಧಾನಸೌಧದಲ್ಲಿ ಬಿಲ್ ‘ಟೇಬಲ್’ ಮಾಡಿದರು ಅಂದರೆ ಮಂಡಿಸಿದರು, ಚರ್ಚೆಗೆ ತಂದರು. ಬ್ರಿಟಿಷ್ ಬಳಕೆ ಅದು, ನಮ್ಮದೂ ಅದೇ. ಅಮೆರಿಕದಲ್ಲಿ ‘ಲೆಟ್ಸ್ ಟೇಬಲ್ ಇಟ್’ ಅಂದರೆ ಸದ್ಯಕ್ಕೆ ಪಕ್ಕಕ್ಕೆ ಇಡೋಣ ಅಂತ. ಪೂರ್ತಿ ಉಲ್ಟಾ! ಎರಡನೇ ಮಹಾಯುದ್ಧದ ಹೊತ್ತಲ್ಲಿ ಬ್ರಿಟಿಷ್ ಮತ್ತು ಅಮೆರಿಕದ ಅಧಿಕಾರಿಗಳು ಈ ಒಂದು ಪದಕ್ಕೆ ತುಂಬಾ ಹೊತ್ತು ವಾದ ಮಾಡಿದ್ದನ್ನ ಚರ್ಚಿಲ್ ಬರೆದಿಟ್ಟಿದ್ದಾರೆ. ಇಬ್ಬರಿಗೂ ಬೇಕಾಗಿದ್ದು ಒಂದೇ ಆಗಿತ್ತು.

ಬಸವನಗುಡಿ ಅನುವಾದಕಿ

ಇಂಗ್ಲಿಷಿನಿಂದ ಕನ್ನಡಕ್ಕೆ ತರೋದು ನನ್ನ ಕಸುಬು. ನನ್ನ ಅನುಭವದಲ್ಲಿ ಗೊತ್ತಿಲ್ಲದ ಇಡಿಯಂ ಅಷ್ಟು ಅಪಾಯ ಅಲ್ಲ. ಗೊತ್ತಿಲ್ಲ ಅಂತ ನಮಗೇ ಗೊತ್ತಿರುತ್ತೆ, ಹುಡುಕ್ತೀವಿ. ನಮ್ಮ ಮಾತಿನ ಹಾಗೇ ಕಾಣಿಸೋದು ಅಪಾಯ.

‘ಪುಲ್ ಸಮ್‌ಒನ್ಸ್ ಲೆಗ್’ ನೋಡಿ. ನಾವೂ ‘ಕಾಲೆಳೀತಾರೆ’ ಅಂತೀವಿ. ಗೆಳೆಯರು ತಮಾಷೆ ಮಾಡುವಾಗ ಎರಡೂ ಒಂದೇ. ಆದರೆ ‘ಯಾರಾದರೂ ಮುಂದೆ ಬಂದರೆ ಕಾಲೆಳೆಯೋರೇ ಜಾಸ್ತಿ’ ಅಂತಲೂ ಹೇಳ್ತೀವಲ್ಲ, ಆ ಅರ್ಥ ಇಂಗ್ಲಿಷಿನದಕ್ಕೆ ಇಲ್ಲ. ಅಸೂಯೆಯಿಂದ ಕೆಳಗೆ ಎಳೆಯೋದನ್ನ ‘ಪುಲಿಂಗ್ ಮೈ ಲೆಗ್’ ಅಂತ ಬರೆದರೆ ಅವರು ‘ಓ, ತಮಾಷೆ ಮಾಡ್ತಿದ್ದಾರೆ’ ಅಂದುಕೊಳ್ತಾರೆ.

‘ಸಿಟಿಂಗ್ ಆನ್ ದ ಫೆನ್ಸ್’ಗೆ ಎಲ್ಲರೂ ‘ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ’ ಅಂತ ಬರೀತಾರೆ. ಬಹಳ ಸಲ ಸರಿಹೋಗುತ್ತೆ. ಆದರೆ ಬೇಲಿ ಮೇಲೆ ಕೂತವನು ಯಾವ ಪಕ್ಷ ಅಂತ ಇನ್ನೂ ತೀರ್ಮಾನಿಸದವನು. ಅಡ್ಡಗೋಡೆ ಮೇಲೆ ದೀಪ ಇಡೋನು ಮಾತಿನಲ್ಲಿ ಜಾಣ. ಮನಸ್ಸಿನಲ್ಲಿ ತೀರ್ಮಾನ ಆಗಿದ್ದರೂ ಬಾಯಿ ಬಿಡಲ್ಲ. ಮತದಾರರ ಬಗ್ಗೆ ಬರೆಯುವಾಗ ಎರಡನೆಯದನ್ನ ಹಾಕಿದರೆ ಅವರಿಗೆ ಕಪಟದ ಬಣ್ಣ ಬಳಿದ ಹಾಗಾಗುತ್ತೆ.

ಕೆಲವು ಪೂರ್ತಿ ಕೂಡುತ್ತವೆ. ಕಳ್ಳತನ ಆದ ಮೇಲೆ ಲಾಯದ ಬಾಗಿಲು ಹಾಕೋ ಇಂಗ್ಲಿಷ್ ಮಾತಿಗೆ ‘ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು’ ಸಾಕು. ‘ಡ್ರಾಪ್ ಇನ್ ದಿ ಓಷನ್’ಗೆ ‘ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ’. ಇದು ಮೂಲಕ್ಕಿಂತ ರುಚಿಯಾಗಿದೆ ಅಂತ ನನ್ನ ಅಭಿಪ್ರಾಯ. ಮೊಸಳೆ ಕಣ್ಣೀರು, ಬಿಳಿ ಆನೆ, ಮೈಲಿಗಲ್ಲು, ಕೆಂಪು ಪಟ್ಟಿ ಇವೆಲ್ಲ ಪತ್ರಿಕೆಗಳಲ್ಲಿ ಓದಿ ಓದಿ ನಮ್ಮವೇ ಆಗಿಬಿಟ್ಟಿವೆ. ‘ಬ್ರೇಕ್ ಎ ಲೆಗ್’ ಮಾತ್ರ ಹಾಗೆ ತರಬೇಡಿ. ರವೀಂದ್ರ ಕಲಾಕ್ಷೇತ್ರದಲ್ಲಿ ರಂಗಕ್ಕೆ ಹೊರಟ ಹುಡುಗಿಗೆ ‘ಕಾಲು ಮುರೀಲಿ’ ಅಂದರೆ ಅವಳ ತಾಯಿ ಸುಮ್ನೆ ಬಿಡ್ತಾರಾ? ‘ಒಳ್ಳೇದಾಗಲಿ’ ಅನ್ನಿ.

ಹುಡುಕೋದಕ್ಕೆ ಒಂದು ದಾರಿ ಹೇಳ್ತೀನಿ. ಕೇಂಬ್ರಿಡ್ಜ್ ಆನ್‌ಲೈನ್ ನಿಘಂಟಿನಲ್ಲಿ ಇಡಿಯಂ ಪಕ್ಕ ‘ಇನ್‌ಫಾರ್ಮಲ್’, ‘ಓಲ್ಡ್ ಫ್ಯಾಶನ್ಡ್’, ‘ಯುಕೆ’, ‘ಯುಎಸ್’ ಅಂತ ಸಣ್ಣ ಅಕ್ಷರದಲ್ಲಿ ಗುರುತು ಇರುತ್ತೆ. ಜನ ಅರ್ಥ ಓದಿ ಮುಂದೆ ಹೋಗ್ತಾರೆ. ನೀವು ಆ ಗುರುತು ಮೊದಲು ಓದಿ.

ಜೆಪಿ ನಗರದ ಅಮ್ಮ

ನಮ್ಮ ಇಂಗ್ಲಿಷೂ ಅವರಿಗೆ ಒಗಟೇ. ನನ್ನ ಮಗಳು ಅಮೆರಿಕದಲ್ಲಿ ‘ಐ ಪಾಸ್ಡ್ ಔಟ್ ಇನ್ ಮೇ’ ಅಂದಾಗ ಅವರು ಗಾಬರಿಯಾದರಂತೆ. ಅಲ್ಲಿ ಅದಕ್ಕೆ ಪ್ರಜ್ಞೆ ತಪ್ಪಿ ಬೀಳೋದು ಅಂತ ಅರ್ಥ. ‘ಔಟ್ ಆಫ್ ಸ್ಟೇಷನ್’ ಕೂಡ ಗೊತ್ತಾಗಲ್ಲವಂತೆ. ‘ಡು ದ ನೀಡ್‌ಫುಲ್’ ಒಂದು ಕಾಲದಲ್ಲಿ ಬ್ರಿಟನ್ನಿನಲ್ಲೂ ಚಾಲ್ತಿಯಲ್ಲಿತ್ತು, ಅಲ್ಲಿ ಹಳತಾಯಿತು, ನಮ್ಮ ಆಫೀಸುಗಳಲ್ಲಿ ಉಳೀತು. ಇದು ತಪ್ಪು ಇಂಗ್ಲಿಷ್ ಅಂತ ಮಕ್ಕಳಿಗೆ ಬೈಯೋದು ನನಗೆ ಇಷ್ಟವಿಲ್ಲ. ನಮ್ಮೂರಲ್ಲಿ ಅದು ಸರಿ. ದೂರದವರಿಗೆ ಬರೆಯುವಾಗ ಬೇರೆ ಥರ ಬರೆದರೆ ಆಯಿತು.

ಬೆಳ್ಳಂದೂರು ಟೆಸ್ಟರ್

ಎಲ್ಲರಿಗೂ ತುಂಬಾ ಧನ್ಯವಾದ. ನೋಟ್‌ಬುಕ್ ಶುರು ಮಾಡಿದ್ದೀನಿ. ಮೊದಲ ಪುಟದಲ್ಲಿ ಆ ಮೇಲ್ ಇದೆ. ಉತ್ತರ ಹೀಗೆ ಬರೆದಿದ್ದೀನಿ, ಇನ್ನೂ ಕಳಿಸಿಲ್ಲ:

‘ಜಸ್ಟ್ ಟು ಕನ್‌ಫರ್ಮ್: ವಿ ವಿಲ್ ಟೆಸ್ಟ್ ಓನ್ಲಿ ಪೇಮೆಂಟ್ ಅಂಡ್ ಸರ್ಚ್ ಫಾರ್ ದಿಸ್ ರಿಲೀಸ್. ಅವರ್ ರಫ್ ಎಸ್ಟಿಮೇಟ್ ಈಸ್ ಟೆನ್ ವರ್ಕಿಂಗ್ ಡೇಸ್. ಶಲ್ ವಿ ಡಿಸ್ಕಸ್ ದ ಲಾಗಿನ್ ಇಶ್ಯೂ ಸಪರೇಟ್ಲಿ ಆನ್ ಥರ್ಸ್‌ಡೇ ಈವ್ನಿಂಗ್?’

ಒಂದೂ ಇಡಿಯಂ ಹಾಕಿಲ್ಲ. ಪರವಾಗಿಲ್ಲ ತಾನೇ?

ಕೋರಮಂಗಲ ಟ್ರೈನರ್

ತುಂಬಾ ಚೆನ್ನಾಗಿದೆ. ಇಡಿಯಂ ಅರ್ಥ ಆಗೋದು ಮುಖ್ಯ, ತಿರುಗಿ ಅದರಲ್ಲೇ ಉತ್ತರ ಕೊಡಬೇಕು ಅಂತೇನಿಲ್ಲ. ಎರಡು ಸಣ್ಣ ತಿದ್ದುಪಡಿ. ಅವರು ಕೇಳಿದ್ದು ಬಾಲ್‌ಪಾರ್ಕ್, ಹಾಗಾಗಿ ‘ಟೆನ್’ ಬದಲು ‘ಟೆನ್ ಟು ಟ್ವೆಲ್ವ್’ ಅಂತ ಬರೀರಿ. ಒಂದೇ ಅಂಕಿ ಕೊಟ್ಟರೆ ಅದನ್ನೇ ಗಟ್ಟಿಯಾಗಿ ಹಿಡಿದುಕೊಳ್ತಾರೆ. ಇನ್ನೊಂದು, ‘ಥರ್ಸ್‌ಡೇ ಈವ್ನಿಂಗ್’ ನಿಮ್ಮ ಸಂಜೆಯೋ ಅವರದೋ? ಗಂಟೆ ಹಾಕಿ, ಮುಂದೆ ‘ಐಎಸ್‌ಟಿ’ (ಭಾರತದ ಸಮಯ) ಅಂತ ಸೇರಿಸಿ. ಆಮೇಲೆ ಕಳಿಸಿ.